ಗ್ಲೈಡರ್ ಹಾರಿಸುವ ರಬ್ಬರ್ ಟ್ಯೂಬಿನ ಆಯ್ಕೆ: ಒಂದು ಖರೀದಿ ಅಧ್ಯಯನ

ಪೀಠಿಕೆ

ವ್ಯಾಪಾರದಲ್ಲಿ ಕೆಲವು ಸರಕುಗಳ ಬೆಲೆ ಚಿಕ್ಕದು, ಅವುಗಳನ್ನು ತಪ್ಪಾಗಿ ಕೊಂಡರೆ ಆಗುವ ನಷ್ಟ ದೊಡ್ಡದು. ರೇಡಿಯೋ ನಿಯಂತ್ರಿತ ಮಾದರಿ ಗ್ಲೈಡರ್‌ಗಳನ್ನು ಮೇಲಕ್ಕೆ ಎಳೆದು ಹಾರಿಸಲು ಬಳಸುವ ರಬ್ಬರ್ ಟ್ಯೂಬು ಇಂತಹ ಸರಕುಗಳಲ್ಲಿ ಒಂದು. ಕೆಲವು ಸಾವಿರ ರೂಪಾಯಿಗಳ ಟ್ಯೂಬು ಸರಿಯಿಲ್ಲದಿದ್ದರೆ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಶ್ರಮಿಸಿ ಕಟ್ಟಿದ ಮಾದರಿಯ ರೆಕ್ಕೆ ಮುರಿಯುತ್ತದೆ. ಎಳೆದ ಟ್ಯೂಬು ನಡುವೆ ತುಂಡಾದರೆ ಹಿಡಿದವರ ಕಣ್ಣಿಗೇ ಅಪಾಯ.

ಕರ್ನಾಟಕಕ್ಕೂ ಗ್ಲೈಡರಿಗೂ ಇರುವ ನಂಟು ಹಳೆಯದು. 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರು ವಿನ್ಯಾಸಗೊಳಿಸಿದ ಜಿ-1 ಎಂಬ ಗ್ಲೈಡರು 1941ರಲ್ಲಿಯೇ ಹಾರಿತು. ಇಂದು ಎನ್.ಸಿ.ಸಿ. ವಾಯುದಳದ ಕೆಡೆಟ್‌ಗಳಿಗೆ ಮಾದರಿ ವಿಮಾನ ನಿರ್ಮಾಣವು ತರಬೇತಿಯ ಒಂದು ಭಾಗ. ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳೂ ಇದರಲ್ಲಿ ಆಸಕ್ತಿ ವಹಿಸುತ್ತಾರೆ. ಶಾಲಾ ಕಾಲೇಜುಗಳಿಗೆ ಪ್ರಯೋಗಾಲಯದ ಸಾಮಗ್ರಿ ಒದಗಿಸುವ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ವರ್ತಕರಿಗೆ ಇಂತಹ ಬೇಡಿಕೆ ಬಂದಾಗ ಯಾವ ಸರಕನ್ನು, ಯಾವ ಅಳತೆಯಲ್ಲಿ, ಎಷ್ಟು ಪ್ರಮಾಣದಲ್ಲಿ ತರಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಇಲ್ಲಿನ ತತ್ತ್ವಗಳು ಕಾಲಕ್ರಮದಲ್ಲಿ ಕೆಡುವ ಯಾವುದೇ ಸರಕಿನ ಖರೀದಿಗೂ ಅನ್ವಯಿಸುತ್ತವೆ.

ಸಾಧನದ ಸ್ವರೂಪ

ಗ್ಲೈಡರಿಗೆ ಎಂಜಿನ್ ಇರುವುದಿಲ್ಲ. ಅದನ್ನು ಎತ್ತರಕ್ಕೆ ಒಯ್ಯುವ ಸುಲಭ ವಿಧಾನವೆಂದರೆ ರಬ್ಬರಿನ ಎಳೆತ. ಪ್ರಚಲಿತವಿರುವ ಜೋಡಣೆಯಲ್ಲಿ ಸುಮಾರು 30 ಮೀಟರ್ ರಬ್ಬರ್ ಟ್ಯೂಬು ಮತ್ತು ಅದರ ನಾಲ್ಕು ಪಟ್ಟು, ಅಂದರೆ 120 ಮೀಟರ್ ನೈಲಾನ್ ದಾರ ಇರುತ್ತವೆ. ಟ್ಯೂಬಿನ ಒಂದು ತುದಿಯನ್ನು ನೆಲಕ್ಕೆ ಹೊಡೆದ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿಗೆ ದಾರವನ್ನು ಜೋಡಿಸಲಾಗುತ್ತದೆ. ದಾರದ ಕೊನೆಯಲ್ಲಿ ಲೋಹದ ಉಂಗುರವೂ ಅದರ ಬಳಿ ಬಣ್ಣದ ಬಟ್ಟೆಯ ಸಣ್ಣ ಪ್ಯಾರಾಚೂಟೂ ಇರುತ್ತವೆ. ಉಂಗುರವನ್ನು ಗ್ಲೈಡರಿನ ಕೆಳಭಾಗದ ಕೊಕ್ಕೆಗೆ ಸಿಕ್ಕಿಸಿ, ಗಾಳಿಗೆ ಎದುರಾಗಿ ನಿಂತು, ಹಿಂದಕ್ಕೆ ನಡೆದು ರಬ್ಬರನ್ನು ಹಿಗ್ಗಿಸಿ ಕೈಬಿಟ್ಟರೆ ಮಾದರಿಯು ಗಾಳಿಪಟದಂತೆ ಏರುತ್ತದೆ. ರಬ್ಬರಿನ ಎಳೆತ ಮುಗಿದೊಡನೆ ಉಂಗುರವು ತಾನಾಗಿ ಕಳಚಿ, ಪ್ಯಾರಾಚೂಟಿನ ನೆರವಿನಿಂದ ದಾರವು ನೆಲಕ್ಕಿಳಿಯುತ್ತದೆ. ರಬ್ಬರ್ ಮತ್ತು ದಾರದ ಒಟ್ಟು ಉದ್ದದ ಸುಮಾರು ಮುಕ್ಕಾಲು ಭಾಗದಷ್ಟು ಎತ್ತರವನ್ನು ಒಳ್ಳೆಯ ಗಾಳಿಯಲ್ಲಿ ನಿರೀಕ್ಷಿಸಬಹುದು.

ಟ್ಯೂಬು ಇಲ್ಲಿ ಇಂಧನದ ಸ್ಥಾನದಲ್ಲಿದೆ. ಅದು ತನ್ನಲ್ಲಿ ತುಂಬಿದ ಶಕ್ತಿಯನ್ನು ಎಷ್ಟರಮಟ್ಟಿಗೆ ಮರಳಿ ಕೊಡುತ್ತದೆ ಎಂಬುದೇ ಆಯ್ಕೆಯ ಮೊದಲ ಪ್ರಶ್ನೆ.

ಯಾವ ವಸ್ತು?

ಮಾರುಕಟ್ಟೆಯಲ್ಲಿ ಟ್ಯೂಬಿನ ಹೆಸರಿನಲ್ಲಿ ದೊರೆಯುವ ಸರಕುಗಳು ಮುಖ್ಯವಾಗಿ ಐದು ಬಗೆ.

1. ಶುದ್ಧ ಲೇಟೆಕ್ಸ್ ಟ್ಯೂಬು: ರಬ್ಬರ್ ಮರದ ಹಾಲನ್ನು ಸಾಂದ್ರಗೊಳಿಸಿ, ಗಂಧಕದೊಡನೆ ಹದಗೊಳಿಸಿ ತಯಾರಿಸಿದ್ದು. ತಿಳಿ ಜೇನುಬಣ್ಣ. ತನ್ನಲ್ಲಿ ತುಂಬಿದ ಶಕ್ತಿಯ ಬಹುಭಾಗವನ್ನು ಮರಳಿ ಕೊಡುವ ಕಾರಣ ಈ ಕೆಲಸಕ್ಕೆ ಇದೇ ಶ್ರೇಷ್ಠ. ಹೊಸ ಟ್ಯೂಬು ತನ್ನ ಉದ್ದದ ಏಳು ಪಟ್ಟಿಗೂ ಹೆಚ್ಚು ಹಿಗ್ಗಬಲ್ಲದು.

2. ಪುಡಿ ಬೆರೆಸಿದ ಕೆಂಪು ಅಥವಾ ಕಪ್ಪು ರಬ್ಬರ್ ಟ್ಯೂಬು: ಗ್ಯಾಸ್ ಒಲೆ, ಪ್ರಯೋಗಾಲಯ, ಯಂತ್ರಗಳ ಉಪಯೋಗಕ್ಕೆ ತಯಾರಾದದ್ದು. ಸೀಮೆಸುಣ್ಣ, ಜೇಡಿಮಣ್ಣು ಅಥವಾ ಇಂಗಾಲದ ಮಸಿ ಬೆರೆತಿರುವುದರಿಂದ ಬಿಗಿಯಾಗಿರುತ್ತದೆ, ಕಡಿಮೆ ಹಿಗ್ಗುತ್ತದೆ.

3. ಸಿಲಿಕೋನ್ ಟ್ಯೂಬು: ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಸಣ್ಣ ಗೀರು ಬಿದ್ದರೂ ಥಟ್ಟನೆ ಹರಿಯುತ್ತದೆ. ಬೆಲೆಯೂ ಹೆಚ್ಚು.

4. ಪಿ.ವಿ.ಸಿ. ಟ್ಯೂಬು: ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಈ ಜಾತಿಯದು. ಎಳೆದರೆ ಉದ್ದವಾಗುತ್ತದೆ, ಮರಳಿ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಸಂಪೂರ್ಣವಾಗಿ ವರ್ಜ್ಯ.

5. ಬಟ್ಟೆ ಹೊದಿಸಿದ ಸ್ಥಿತಿಸ್ಥಾಪಕ ಹಗ್ಗ: ದ್ವಿಚಕ್ರ ವಾಹನದ ಹಿಂದೆ ಸಾಮಾನು ಕಟ್ಟುವಂತಹದು. ಹೊದಿಕೆಯ ಕಾರಣದಿಂದ ಸುಮಾರು ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗದು. ದೀರ್ಘವಾದ, ಮೃದುವಾದ ಎಳೆತ ಇದರಿಂದ ದೊರೆಯದು.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಅನುಭವಿ ಖರೀದಿದಾರನು ಮೆಣಸಿನಕಾಯಿಯ ಬಣ್ಣ ನೋಡಿದ ಮಾತ್ರಕ್ಕೆ ಬೆಲೆ ಹೇಳುವುದಿಲ್ಲ. ಕೈಯಲ್ಲಿ ಹಿಡಿದು ತೇವ ನೋಡುತ್ತಾನೆ. ಟ್ಯೂಬಿಗೂ ಅಂತಹ ಸರಳ ಪರೀಕ್ಷೆಯೊಂದಿದೆ. ಒಂದು ಸಣ್ಣ ತುಂಡನ್ನು ಕತ್ತರಿಸಿ, ಉದ್ದಕ್ಕೆ ಸೀಳಿ, ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ನೀರಿನಲ್ಲಿ ಮುಳುಗಿಸಿ ಬಿಡಬೇಕು. ಶುದ್ಧ ಲೇಟೆಕ್ಸಿನ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ ಸುಮಾರು 0.94 ಗ್ರಾಂ, ಆದ್ದರಿಂದ ಅದು ತೇಲುತ್ತದೆ. ಪುಡಿ ಧಾರಾಳವಾಗಿ ಬೆರೆತ ರಬ್ಬರು, ಸಿಲಿಕೋನ್, ಪಿ.ವಿ.ಸಿ. ಈ ಮೂರೂ ಮುಳುಗುತ್ತವೆ. ಒಂದು ಲೋಟ ನೀರಿನಲ್ಲಿ ಮುಗಿಯುವ ಈ ಪರೀಕ್ಷೆಯನ್ನು ಅಂಗಡಿಯ ಗಲ್ಲೆಯ ಮುಂದೆಯೇ ಮಾಡಬಹುದು.

ಯಾವ ಅಳತೆ?

ಗಿರಾಕಿಗಳು ಸಾಮಾನ್ಯವಾಗಿ ಟ್ಯೂಬಿನ ಹೊರ ಅಳತೆಯನ್ನು ಮಾತ್ರ ಹೇಳುತ್ತಾರೆ. ತಪ್ಪು ಆಗುವುದು ಇಲ್ಲಿಯೇ. ಎಳೆತವನ್ನು ನಿರ್ಧರಿಸುವುದು ಹೊರಗಿನ ದಪ್ಪವಲ್ಲ; ಟ್ಯೂಬಿನ ಗೋಡೆಯಲ್ಲಿರುವ ರಬ್ಬರಿನ ಅಡ್ಡಕೊಯ್ತದ ವಿಸ್ತೀರ್ಣ. ಅದನ್ನು ಕಂಡುಹಿಡಿಯುವ ಕ್ರಮ ಹೀಗಿದೆ:

ವಿಸ್ತೀರ್ಣ = (ಹೊರ ವ್ಯಾಸದ ವರ್ಗ − ಒಳ ವ್ಯಾಸದ ವರ್ಗ) × 0.785

ಶುದ್ಧ ಲೇಟೆಕ್ಸ್ ಟ್ಯೂಬನ್ನು ಮೊದಲಿನ ಉದ್ದದ ಮೂರು ಪಟ್ಟಿಗೆ ಹಿಗ್ಗಿಸಿದಾಗ ಪ್ರತಿ 10 ಚದರ ಮಿಲಿಮೀಟರಿಗೆ ಸುಮಾರು ಒಂದು ಕಿಲೋ ಎಳೆತ ದೊರೆಯುತ್ತದೆ ಎಂಬುದು ಅಂದಾಜಿಗೆ ಸಾಕಾಗುವ ಸೂತ್ರ. ಇದರ ಆಧಾರದ ಮೇಲೆ ನಾಲ್ಕು ಅಳತೆಗಳನ್ನು ಹೋಲಿಸಬಹುದು.

(ಅ) ಹೊರ ವ್ಯಾಸ 6.4 ಮಿ.ಮೀ., ಒಳ ವ್ಯಾಸ 3.2 ಮಿ.ಮೀ.: ವಿಸ್ತೀರ್ಣ 24 ಚ.ಮಿ.ಮೀ.; ಎಳೆತ ಸುಮಾರು 2.4 ಕಿಲೋ, ತೂಕ ಮೀಟರಿಗೆ ಸುಮಾರು 23 ಗ್ರಾಂ.

(ಆ) ಹೊರ ವ್ಯಾಸ 8 ಮಿ.ಮೀ., ಒಳ ವ್ಯಾಸ 6 ಮಿ.ಮೀ.: ವಿಸ್ತೀರ್ಣ 22 ಚ.ಮಿ.ಮೀ.; ಎಳೆತ ಸುಮಾರು 2.2 ಕಿಲೋ; ತೂಕ ಮೀಟರಿಗೆ ಸುಮಾರು 21 ಗ್ರಾಂ.

(ಇ) ಹೊರ ವ್ಯಾಸ 8 ಮಿ.ಮೀ., ಒಳ ವ್ಯಾಸ 5 ಮಿ.ಮೀ.: ವಿಸ್ತೀರ್ಣ 31 ಚ.ಮಿ.ಮೀ.; ಎಳೆತ ಸುಮಾರು 3.1 ಕಿಲೋ, ತೂಕ ಮೀಟರಿಗೆ ಸುಮಾರು 29 ಗ್ರಾಂ.

(ಈ) ಹೊರ ವ್ಯಾಸ 9.5 ಮಿ.ಮೀ., ಒಳ ವ್ಯಾಸ 4.8 ಮಿ.ಮೀ.: ವಿಸ್ತೀರ್ಣ 53 ಚ.ಮಿ.ಮೀ.; ಎಳೆತ ಸುಮಾರು 5.3 ಕಿಲೋ, ತೂಕ ಮೀಟರಿಗೆ ಸುಮಾರು 50 ಗ್ರಾಂ.

ಇದರಲ್ಲಿ (ಅ) ಮತ್ತು (ಆ) ಗಮನಾರ್ಹ. ನೋಟಕ್ಕೆ ದಪ್ಪವಾಗಿರುವ 8 ಮಿ.ಮೀ. ಟ್ಯೂಬು ಒಳರಂಧ್ರ ದೊಡ್ಡದಾಗಿರುವ ಕಾರಣ 6.4 ಮಿ.ಮೀ. ಟ್ಯೂಬಿಗಿಂತ ಕಡಿಮೆ ಎಳೆಯುತ್ತದೆ. ಆದ್ದರಿಂದ ಬೇಡಿಕೆ ಪತ್ರದಲ್ಲಿ ಹೊರ ಮತ್ತು ಒಳ ವ್ಯಾಸ ಎರಡನ್ನೂ ನಮೂದಿಸುವುದು ಕಡ್ಡಾಯವೆಂದು ತಿಳಿಯಬೇಕು.

ತೂಕದ ಲೆಕ್ಕವೂ ವರ್ತಕನಿಗೆ ಉಪಯುಕ್ತ. ಚದರ ಮಿಲಿಮೀಟರಿನಲ್ಲಿರುವ ವಿಸ್ತೀರ್ಣವನ್ನು 0.94ರಿಂದ ಗುಣಿಸಿದರೆ ಒಂದು ಮೀಟರಿನ ತೂಕ ಗ್ರಾಂಗಳಲ್ಲಿ ಬರುತ್ತದೆ. (ಅ) ಅಳತೆಯ 30 ಮೀಟರ್ ಸುರುಳಿ ಸುಮಾರು 680 ಗ್ರಾಂ ತೂಗಬೇಕು. ಅಳತೆ ಸರಿಯಿದ್ದು ತೂಕ 850 ಗ್ರಾಂ ಬಂದರೆ ಪುಡಿ ಬೆರೆತಿದೆ ಎಂದರ್ಥ. 550 ಗ್ರಾಂ ಬಂದರೆ ಉದ್ದ ಅಥವಾ ಗೋಡೆಯ ದಪ್ಪ ಕಡಿಮೆಯಿದೆ ಎಂದರ್ಥ. ತಕ್ಕಡಿಯು ಹೀಗೆ ಬಿಲ್ಲಿನ ಸಾಕ್ಷಿಯಾಗುತ್ತದೆ.

ಮಾದರಿಯ ತೂಕಕ್ಕೆ ತಕ್ಕ ಎಳೆತ

ಹಿಗ್ಗಿಸಿ ನಿಂತಾಗ ದೊರೆಯುವ ಎಳೆತವು ಮಾದರಿಯ ತೂಕದ ಮೂರರಿಂದ ನಾಲ್ಕು ಪಟ್ಟು ಇರುವುದು ಲೇಸು. ಗಟ್ಟಿಮುಟ್ಟಾದ ರೆಕ್ಕೆಯಿರುವ ಮಾದರಿಗಳು ಐದು ಪಟ್ಟನ್ನೂ ತಾಳಬಲ್ಲವು. ಎಳೆತ ತೀರ ಕಡಿಮೆಯಾದರೆ ಮಾದರಿಯು ವೇಗ ಪಡೆಯದೆ, ಕೈಬಿಟ್ಟ ಸ್ವಲ್ಪ ದೂರದಲ್ಲಿಯೇ ಒಂದು ಮಗ್ಗುಲಿಗೆ ವಾಲಿ ಬೀಳುತ್ತದೆ. ತೀರ ಹೆಚ್ಚಾದರೆ ರೆಕ್ಕೆಗಳು ಬಾಗಿ ಮುರಿಯುತ್ತವೆ.

ಉದಾಹರಣೆಗೆ, ಮಾದರಿಯ ತೂಕ 900 ಗ್ರಾಂ ಎಂದು ಭಾವಿಸಿದರೆ ಬೇಕಾದ ಎಳೆತ 2.7ರಿಂದ 3.6 ಕಿಲೋ. (ಇ) ಅಳತೆಯ ಟ್ಯೂಬು ಮೂರು ಪಟ್ಟು ಹಿಗ್ಗಿದಾಗ ಸರಿಯಾಗಿ ಈ ಮಿತಿಯೊಳಗೆ ಬರುತ್ತದೆ. (ಅ) ಅಳತೆಯನ್ನು ಸ್ವಲ್ಪ ಹೆಚ್ಚು ಹಿಗ್ಗಿಸಿ ಕೆಲಸ ಸಾಧಿಸಬಹುದು. ಆದರೆ (ಈ) ಅಳತೆಯು ತೂಕದ ಸುಮಾರು ಆರು ಪಟ್ಟು ಎಳೆಯುವುದರಿಂದ ಈ ಮಾದರಿಗೆ ಸಲ್ಲದು. ಅದು ಒಂದೂವರೆ ಕಿಲೋ ಆಸುಪಾಸಿನ ಮಾದರಿಗಳಿಗೆ ತಕ್ಕದ್ದು. “ದಪ್ಪದ್ದೇ ಇರಲಿ, ಎಲ್ಲದಕ್ಕೂ ಆಗುತ್ತದೆ” ಎಂಬ ಮಾತು ಹಗ್ಗಕ್ಕೆ ಹೊಂದಬಹುದು, ರಬ್ಬರಿಗೆ ಹೊಂದುವುದಿಲ್ಲ.

ಸೂತ್ರವು ಅಂದಾಜು ಮಾತ್ರ. ಅಂತಿಮ ನಿರ್ಣಯವನ್ನು ಸ್ಪ್ರಿಂಗ್ ತಕ್ಕಡಿಯಿಂದಲೇ ಮಾಡಬೇಕು. ಒಂದು ಮೀಟರ್ ಟ್ಯೂಬನ್ನು ಕೊಕ್ಕೆಗೆ ಕಟ್ಟಿ ಮೂರು ಮೀಟರಿಗೆ ಎಳೆದಾಗ ತೋರುವ ಅಂಕಿಯೇ 30 ಮೀಟರನ್ನು 90 ಮೀಟರಿಗೆ ಎಳೆದಾಗಲೂ ಬರುತ್ತದೆ. ಎಳೆತವನ್ನು ನಿರ್ಧರಿಸುವುದು ಹಿಗ್ಗಿದ ಪ್ರಮಾಣವೇ ಹೊರತು ಉದ್ದವಲ್ಲ. ಉದ್ದ ಹೆಚ್ಚಾದಂತೆ ಎಳೆತ ಹೆಚ್ಚು ಹೊತ್ತು ಇರುತ್ತದೆ, ಅಷ್ಟೆ. ಹೊಲ ಚಿಕ್ಕದಿದ್ದರೆ 15 ಮೀಟರ್ ರಬ್ಬರು ಮತ್ತು 60 ಮೀಟರ್ ದಾರ ಸಾಕು. ಏರುವ ಎತ್ತರ ಮಾತ್ರ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ.

ಟ್ಯೂಬಿನ ಗುಣವನ್ನು ತಿಳಿಯಲು ಇನ್ನೊಂದು ಪರೀಕ್ಷೆಯೂ ಅಗತ್ಯ. ಪೆನ್ನಿನಿಂದ 10 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ, ಆ ಭಾಗವನ್ನು 30 ಸೆಂ.ಮೀ.ಗೆ ಎಳೆದು ಹತ್ತು ನಿಮಿಷ ಹಿಡಿದಿಟ್ಟು ಬಿಡಬೇಕು. ಸ್ವಲ್ಪ ಹೊತ್ತಿನ ಬಳಿಕವೂ ಅಂತರ 10.5 ಸೆಂ.ಮೀ. ಮೀರಿದ್ದರೆ ಆ ಸರಕನ್ನು ತಿರಸ್ಕರಿಸುವುದು ಒಳಿತು.

ಗಳಗನಾಥದ ಬಯಲು: ಸ್ಥಳ ಮತ್ತು ಕಾಲ

ಟ್ಯೂಬಿನ ಉದ್ದವನ್ನು ನಿರ್ಧರಿಸುವುದು ಕೊನೆಗೆ ಸ್ಥಳವೇ. ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ವರದಾ ನದಿಯು ತುಂಗಭದ್ರೆಯನ್ನು ಸೇರುತ್ತದೆ. ನದಿಯ ಮೇಲುಭಾಗದ ಹೊಲಗಳು ಹಿಂಗಾರಿ ಬೆಳೆಯ ಕೊಯ್ಲಿನ ನಂತರ ಮುಂಗಾರಿನವರೆಗೆ ಬರಿದಾಗಿರುತ್ತವೆ. ಇಂತಹ ಬಯಲಿನಲ್ಲಿ 30 ಮೀಟರಿನ ಜೋಡಣೆಯನ್ನು ಬಳಸಬೇಕಾದರೆ ಹಿಗ್ಗಿದ ರಬ್ಬರು 90 ಮೀಟರ್, ದಾರ 120 ಮೀಟರ್, ಒಟ್ಟು 210 ಮೀಟರ್ ಉದ್ದದ ನೇರ ಜಾಗ ಬೇಕು. ಇಳಿಯಲು ಬೇಕಾದ ಅವಕಾಶ ಇದರ ಹೊರತು. ಈ ಜಾಗದ ಮೇಲೆ ವಿದ್ಯುತ್ ತಂತಿಗಳಾಗಲಿ, ನಡುವೆ ಬಂಡಿದಾರಿಯಾಗಲಿ ಇರಬಾರದು. ಹೊಲದ ಒಡೆಯರ ಒಪ್ಪಿಗೆ ಮೊದಲ ಕರ್ತವ್ಯ.

ಗೂಟವು ಯಾವಾಗಲೂ ಗಾಳಿ ಬರುವ ದಿಕ್ಕಿನಲ್ಲಿರಬೇಕು. ಮುಂಗಾರಿನ ತಿಂಗಳುಗಳಲ್ಲಿ ಗಾಳಿಯು ಹೆಚ್ಚಾಗಿ ಪಡುವಣದಿಂದ ಬೀಸುವುದರಿಂದ ಗೂಟ ಪಶ್ಚಿಮಕ್ಕೆ, ಹಾರಿಸುವವರು ಪೂರ್ವಕ್ಕೆ ಇರುವುದು ರೂಢಿಯಾಗುತ್ತದೆ. ಬೇಸಿಗೆಯಲ್ಲಿ ಎರೆಭೂಮಿ ಬಿರುಕು ಬಿಡುತ್ತದೆ; ನದಿಯ ದಂಡೆಯ ಮರಳು ಸಡಿಲವಾಗಿರುತ್ತದೆ. ಎರಡರಲ್ಲಿಯೂ ಗಿಡ್ಡ ಗೂಟ ನಿಲ್ಲದು. ಐದು ಕಿಲೋ ಎಳೆತದಲ್ಲಿ ಕಿತ್ತುಬಂದ ಕಬ್ಬಿಣದ ಗೂಟವು ನೇರವಾಗಿ ಹಾರಿಸುವವರ ಕಡೆಗೇ ಹಾರುತ್ತದೆ. ಆದ್ದರಿಂದ ಉದ್ದನೆಯ ಗೂಟವನ್ನು ಎಳೆತದ ವಿರುದ್ಧ ದಿಕ್ಕಿಗೆ ವಾಲಿಸಿ ಆಳವಾಗಿ ಹೊಡೆಯಬೇಕು. ರಬ್ಬರು ಹಿಗ್ಗಿರುವಾಗ ಗೂಟ ಮತ್ತು ಹಾರಿಸುವವರ ನಡುವೆ ಯಾರೂ ನಿಲ್ಲಬಾರದು. ಹಿಡಿಯುವವರು ಕಣ್ಣಿಗೆ ರಕ್ಷಣಾ ಕನ್ನಡಕ ಧರಿಸಬೇಕು.

ಕಾನೂನಿನ ವಿಚಾರವನ್ನೂ ಗಮನಿಸಬೇಕು. ಕೆಲಸಕ್ಕೆ ಬಾರದ ಸ್ಥಳದಲ್ಲಿ ಸಾಧನವಿದ್ದೂ ವ್ಯರ್ಥ. 2021ರ ಡ್ರೋನ್ ನಿಯಮಗಳು ವಿಮಾನಿ ಇಲ್ಲದೆ ದೂರದಿಂದ ನಿಯಂತ್ರಿಸುವ ಎಲ್ಲ ವಿಮಾನಗಳಿಗೂ ಅನ್ವಯಿಸುತ್ತವೆ. 250 ಗ್ರಾಂಗಿಂತ ಹೆಚ್ಚು, 2 ಕಿಲೋ ಮೀರದ ಮಾದರಿಗಳನ್ನು ವಾಣಿಜ್ಯೇತರ ಉದ್ದೇಶಕ್ಕೆ ಹಾರಿಸಲು ಪೈಲಟ್ ಪ್ರಮಾಣಪತ್ರದ ಅಗತ್ಯವಿಲ್ಲ. ಆದರೆ ಸ್ಥಳವು ಹಸಿರು ವಲಯದಲ್ಲಿದೆಯೇ ಎಂಬುದನ್ನು ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ನೋಡಬೇಕು. ಹಸಿರು ವಲಯದಲ್ಲಿಯೂ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರವನ್ನು ಅನುಮತಿಯಿಲ್ಲದೆ ಮೀರುವಂತಿಲ್ಲ. 150 ಮೀಟರಿನ ಜೋಡಣೆಯು ಒಳ್ಳೆಯ ಗಾಳಿಯಲ್ಲಿ ಈ ಮಿತಿಯ ಸಮೀಪಕ್ಕೆ ಒಯ್ಯುವುದರಿಂದ ಅದಕ್ಕಿಂತ ಉದ್ದದ್ದನ್ನು ಮಾರುವುದಾಗಲಿ ಕೊಳ್ಳುವುದಾಗಲಿ ವಿವೇಕವಲ್ಲ. ಗಳಗೇಶ್ವರ ದೇವಾಲಯದ ಪರಿಸರವನ್ನೂ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಪ್ರದೇಶವನ್ನೂ ಸಂಬಂಧಪಟ್ಟ ಇಲಾಖೆಯ ಅನುಮತಿಯಿಲ್ಲದೆ ಬಳಸಬಾರದು.

ದರ ಮತ್ತು ವೆಚ್ಚ: ಎರಡೂ ಒಂದೇ ಅಲ್ಲ

ಮೀಟರಿನ ದರ ಬೇರೆ, ಒಂದು ಉಡಾವಣೆಗೆ ತಗಲುವ ವೆಚ್ಚ ಬೇರೆ. ಲೆಕ್ಕದ ವಿವರಣೆಗಾಗಿ ಮಾತ್ರ ಈ ಕೆಳಗಿನ ಅಂಕಿಗಳನ್ನು ಇಟ್ಟುಕೊಳ್ಳಲಾಗಿದೆ. ಇವು ಮಾರುಕಟ್ಟೆಯ ದರಗಳಲ್ಲ.

ಟ್ಯೂಬು ‘ಕ’: ಮೀಟರಿಗೆ ರೂ. 60/-, 30 ಮೀಟರಿಗೆ ರೂ. 1,800/-, ಬಾಳಿಕೆ 100 ಉಡಾವಣೆ.

ಟ್ಯೂಬು ‘ಖ’: ಮೀಟರಿಗೆ ರೂ. 140/-, 30 ಮೀಟರಿಗೆ ರೂ. 4,200/-, ಬಾಳಿಕೆ 400 ಉಡಾವಣೆ.

ಎರಡೂ ಬಗೆಯವು ಬಳಸಲಿ ಬಿಡಲಿ, ಎರಡು ವರ್ಷಗಳಲ್ಲಿ ಹಳತಾಗಿ ಕೆಡುತ್ತವೆ ಎಂದು ಭಾವಿಸಲಾಗಿದೆ.

ವರ್ಷಕ್ಕೆ 200 ಉಡಾವಣೆ ಮಾಡುವ ಕಾಲೇಜಿಗೆ ಎರಡು ವರ್ಷಗಳಲ್ಲಿ ‘ಕ’ ಟ್ಯೂಬು ನಾಲ್ಕು ಬೇಕು. ವೆಚ್ಚ ರೂ. 7,200/-, ಉಡಾವಣೆಗೆ ರೂ. 18/-. ‘ಖ’ ಒಂದೇ ಸಾಕು. ವೆಚ್ಚ ರೂ. 4,200/-, ಉಡಾವಣೆಗೆ ರೂ. 10.50. ಇಲ್ಲಿ ದುಬಾರಿ ಟ್ಯೂಬೇ ಅಗ್ಗ, ಉಳಿತಾಯ ರೂ. 3,000/-.

ವರ್ಷಕ್ಕೆ 60 ಉಡಾವಣೆ ಮಾತ್ರ ಮಾಡುವ ಪ್ರೌಢಶಾಲೆಯ ಲೆಕ್ಕ ಇದಕ್ಕೆ ವಿರುದ್ಧ. ‘ಕ’ ಟ್ಯೂಬು 20 ತಿಂಗಳಲ್ಲಿ, ಹಳತಾಗುವ ಮೊದಲೇ, ಪೂರ್ಣವಾಗಿ ಬಳಕೆಯಾಗುತ್ತದೆ, ಉಡಾವಣೆಗೆ ರೂ. 18/- ಬೀಳುತ್ತದೆ. ‘ಖ’ ಟ್ಯೂಬು 120 ಉಡಾವಣೆಗಳಾಗುವಷ್ಟರಲ್ಲಿ ವಯಸ್ಸಿನಿಂದ ಕೆಡುತ್ತದೆ, ಉಡಾವಣೆಗೆ ರೂ. 35/- ಬೀಳುತ್ತದೆ. ಉತ್ತಮ ಸರಕನ್ನೇ ಕೊಂಡೆವೆಂಬ ಸಮಾಧಾನದಲ್ಲಿ ಶಾಲೆಯು ಸುಮಾರು ಇಮ್ಮಡಿ ವೆಚ್ಚ ಮಾಡಿದಂತಾಗುತ್ತದೆ.

ಎರಡೂ ಸಮವಾಗುವ ಬಿಂದುವನ್ನು ಕಾಣಲು ರೂ. 4,200ನ್ನು 18ರಿಂದ ಭಾಗಿಸಬೇಕು: ಎರಡು ವರ್ಷಗಳಿಗೆ ಸುಮಾರು 233, ಅಂದರೆ ವರ್ಷಕ್ಕೆ ಸುಮಾರು 117 ಉಡಾವಣೆ. ಬಳಕೆ ಇದಕ್ಕಿಂತ ಹೆಚ್ಚಿದ್ದರೆ ‘ಖ’, ಕಡಿಮೆಯಿದ್ದರೆ ‘ಕ’. ಆದ್ದರಿಂದ ಗಿರಾಕಿಯನ್ನು ಮೊದಲು ಕೇಳಬೇಕಾದ ಪ್ರಶ್ನೆ “ಎಷ್ಟು ಬೆಲೆಯದು ಬೇಕು?” ಎಂಬುದಲ್ಲ, “ವರ್ಷಕ್ಕೆ ಎಷ್ಟು ಸಲ ಹಾರಿಸುತ್ತೀರಿ?” ಎಂಬುದು. ಆದರೆ ಒಂದು ಮಾತು ಮರೆಯಬಾರದು: ‘ಕ’ ಟ್ಯೂಬೂ ಮೇಲ್ಕಾಣಿಸಿದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರಲೇಬೇಕು. ತೇರ್ಗಡೆಯಾಗದ ಸರಕಿಗೆ ಯಾವ ದರವೂ ಅಗ್ಗವಲ್ಲ.

ದಾಸ್ತಾನು ಮತ್ತು ತೆರಿಗೆ

ರಬ್ಬರಿನ ಶತ್ರುಗಳು ಬಿಸಿಲು, ಶಾಖ, ಓಝೋನ್, ಎಣ್ಣೆ ಮತ್ತು ತಾಮ್ರ. ಗಾಜಿನ ಕಪಾಟಿನಲ್ಲಿ ಅಂದಕ್ಕೆ ತೂಗುಹಾಕಿದ ಸುರುಳಿ ಒಂದು ಬೇಸಿಗೆಯಲ್ಲಿಯೇ ಜಿಗುಟಾಗಬಹುದು. ಟಾಲ್ಕಂ ಪುಡಿ ಸವರಿ, ಸಡಿಲವಾಗಿ ಸುತ್ತಿ, ಕತ್ತಲೆಯ ತಂಪು ಜಾಗದಲ್ಲಿ, ಮೋಟಾರು ಮತ್ತು ವೆಲ್ಡಿಂಗ್ ಯಂತ್ರಗಳಿಂದ ದೂರ ಇಡಬೇಕು. ಸೀಮೆಎಣ್ಣೆ, ಪೆಟ್ರೋಲು ತಗಲಬಾರದು. ತುದಿಗಳನ್ನು ತಾಮ್ರದ ತಂತಿಯಿಂದ ಬಿಗಿಯಬಾರದು. ನಯವಾದ ಮರದ ಬೆಣೆಯನ್ನು ಟ್ಯೂಬಿನೊಳಗೆ ತೂರಿಸಿ ನೈಲಾನ್ ದಾರದಿಂದ ಸುತ್ತುವುದು ಸರಿಯಾದ ಕ್ರಮ. ಎಳೆದು ನೋಡಿದಾಗ ಅಡ್ಡಡ್ಡ ಸಣ್ಣ ಬಿರುಕು ಕಂಡರೆ ಆ ಟ್ಯೂಬಿನ ಆಯುಷ್ಯ ಮುಗಿದಂತೆ.

ಪೊಟ್ಟಣದ ಸರಕಿನ ಮೇಲೆ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಮುದ್ರಿಸುವುದು 2011ರ ಕಾನೂನುಮಾಪನ ನಿಯಮಗಳಂತೆ ಅಗತ್ಯ. ಸುರುಳಿಯಿಂದ ಕತ್ತರಿಸಿ ಮಾರುವ ವರ್ತಕನು ಆ ದಿನಾಂಕವನ್ನು ಬಿಲ್ಲಿನಲ್ಲಿ ಬರೆದುಕೊಡುವುದು ಸೌಜನ್ಯವೂ ಹೌದು, ವಿವಾದಕ್ಕೆ ರಕ್ಷಣೆಯೂ ಹೌದು. ಮೊದಲು ಬಂದದ್ದನ್ನು ಮೊದಲು ಮಾರುವ ಪದ್ಧತಿಯನ್ನು ಇಲ್ಲಿ ಪುಸ್ತಕದಲ್ಲಿ ಮಾತ್ರವಲ್ಲದೆ ಕಪಾಟಿನಲ್ಲಿಯೂ ಅನುಸರಿಸಬೇಕು.

ವರ್ಷಾಂತ್ಯದಲ್ಲಿ ಉಳಿದ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ದೊರೆಯುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ಲೆಕ್ಕಪತ್ರ ಮಾನದಂಡ 2ರ ನಿಯಮ. ಜಿಗುಟಾದ ಸುರುಳಿಗೆ ಮಾರುಕಟ್ಟೆ ಬೆಲೆ ಇಲ್ಲ. ಅದನ್ನು ಪೂರ್ಣ ಬೆಲೆಗೆ ತೋರಿಸಿದರೆ ಇಲ್ಲದ ಲಾಭಕ್ಕೆ ಆದಾಯ ತೆರಿಗೆ ಕಟ್ಟಿದಂತಾಗುತ್ತದೆ. ಹಾಗೆ ಕೆಟ್ಟು ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಪಡೆದಿದ್ದ ಹೂಡುವಳಿ ತೆರಿಗೆ ಜಮೆಯನ್ನು ಜಿ.ಎಸ್.ಟಿ. ಕಾಯಿದೆಯ 17(5) (ಎಚ್) ಕಲಮಿನಂತೆ ಹಿಂದಿರುಗಿಸಬೇಕಾಗುತ್ತದೆ. ಗಡಸಲ್ಲದ ರಬ್ಬರ್ ಕೊಳವೆಗಳು 4009ನೆಯ ಶೀರ್ಷಿಕೆಯಲ್ಲಿ ಬರುತ್ತವೆ. ಬಿಲ್ಲಿನಲ್ಲಿ ಈ ಸಂಖ್ಯೆ ಸರಿಯಾಗಿದೆಯೇ ಎಂದು ನೋಡಿಕೊಳ್ಳಬೇಕು. ತೆರಿಗೆ ವಿನಾಯಿತಿಯ ಶಿಕ್ಷಣ ಸೇವೆ ಒದಗಿಸುವ ಶಾಲಾ ಕಾಲೇಜುಗಳಿಗೆ ತೆರಿಗೆ ಜಮೆ ದೊರೆಯದ ಕಾರಣ ಅವುಗಳ ಪಾಲಿಗೆ ತೆರಿಗೆಯೂ ವೆಚ್ಚವೇ. ದರಪಟ್ಟಿ ಕೊಡುವಾಗ ತೆರಿಗೆ ಸೇರಿದ ಮೊತ್ತವನ್ನೇ ಕೊಟ್ಟರೆ ಹೋಲಿಕೆ ನ್ಯಾಯವಾಗಿರುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯ ಸಾರಾಂಶ ಇಷ್ಟು: ನೀರಿನಲ್ಲಿ ತೇಲುವ ಶುದ್ಧ ಲೇಟೆಕ್ಸನ್ನು ಆರಿಸಬೇಕು; ಹೊರ, ಒಳ ವ್ಯಾಸಗಳೆರಡನ್ನೂ ಅಳೆದು ತೂಕದಿಂದ ತಾಳೆ ನೋಡಬೇಕು; ಮಾದರಿಯ ತೂಕದ ಮೂರರಿಂದ ನಾಲ್ಕು ಪಟ್ಟು ಎಳೆತಕ್ಕೆ ಅಳತೆಯನ್ನು ಹೊಂದಿಸಬೇಕು; ಹೊಲದ ಉದ್ದ ಮತ್ತು ಕಾನೂನಿನ ಎತ್ತರಕ್ಕೆ ಟ್ಯೂಬಿನ ಉದ್ದವನ್ನು ಹೊಂದಿಸಬೇಕು; ವರ್ಷದ ಬಳಕೆಯನ್ನು ತಿಳಿದು ದರ್ಜೆಯನ್ನು ನಿರ್ಧರಿಸಬೇಕು; ವರ್ತಕನಾದವನು ಒಂದು ಋತುವಿಗೆ ಬೇಕಾದಷ್ಟನ್ನೇ ತರಿಸಬೇಕು.

ಗಳಗನಾಥದಲ್ಲಿ 1869ರಲ್ಲಿ ಜನಿಸಿ, ಆ ಊರಿನ ಹೆಸರಿನಿಂದಲೇ ಪ್ರಸಿದ್ಧರಾದ ಕಾದಂಬರಿಕಾರ ವೆಂಕಟೇಶ ತಿರಕೊ ಕುಲಕರ್ಣಿಯವರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ತಾನು ಮಾರುವ ಸರಕನ್ನು ಪೂರ್ಣವಾಗಿ ಬಲ್ಲ ವ್ಯಾಪಾರಿ ಎಂಬುದಕ್ಕೆ ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಸರಕು ಚಿಕ್ಕದಾದರೂ ಅದರ ಗುಣದೋಷಗಳನ್ನು ಅರಿತು ಮಾರುವವನ ಅಂಗಡಿಗೆ ಗಿರಾಕಿಯು ಮರಳಿ ಬರುತ್ತಾನೆ. ಒಂದು ಲೋಟ ನೀರು, ಒಂದು ತಕ್ಕಡಿ, ಒಂದು ಕ್ಯಾಲಿಪರ್ ಇಷ್ಟಿದ್ದರೆ ಆ ಅರಿವಿಗೆ ಸಾಕು.